ಉಣ್ಣೆಮನೆಯ ಕಾಲಡಿಯಲ್ಲಿ

ಬಿಷ್ಕೆಕ್‌ನಲ್ಲಿ ಎಂಬಿಬಿಎಸ್ ಓದುತ್ತಿರುವ ಅಕ್ಕನ ಮಗನನ್ನು ನೋಡಿಬರಲು ಹೋಗಿದ್ದಾಗ ಅವನೇ ಹಟ ಹಿಡಿದು ಸೋಂಗ್‌ಕೋಲ್ ಸರೋವರಕ್ಕೆ ಕರೆದೊಯ್ದ. ಕಿರ್ಗಿಸ್ತಾನದ ನಡುಮಧ್ಯೆ, ಸಮುದ್ರಮಟ್ಟದಿಂದ 3,016 ಮೀಟರ್ ಎತ್ತರದಲ್ಲಿರುವ ನೀರು. ಸುತ್ತ ಕಣ್ಣು ಹಾಯಿಸಿದಷ್ಟು ದೂರಕ್ಕೂ ಒಂದು ಮರವಿಲ್ಲ. ಹುಲ್ಲು, ಕುದುರೆ, ಗಾಳಿ, ಅಷ್ಟೆ. ಆಗಸ್ಟ್ ತಿಂಗಳಾದರೂ ಹೊತ್ತು ಮುಳುಗುತ್ತಿದ್ದಂತೆ ಚಳಿ ಮೂಳೆಗಿಳಿಯಿತು. ನಾವು ತಂಗಿದ್ದ ಯರ್ಟ್ ಎಂಬ ಗುಂಡಗಿನ ಉಣ್ಣೆ ಗುಡಾರದಲ್ಲಿ ಒಲೆ ಉರಿಯುತ್ತಿತ್ತು, ಮೈಮೇಲೆ ಎರಡು ದಪ್ಪ ರಜಾಯಿಗಳಿದ್ದವು. ಆದರೂ ಬೆನ್ನು ಮರಗಟ್ಟುತ್ತಿತ್ತು. ಇನ್ನೊಂದು ಹೊದಿಕೆ ಬೇಕೆಂದು ಮನೆಯೊಡತಿಗೆ ಕೈಸನ್ನೆ ಮಾಡಿದೆ. ಆಕೆ ಒಂದು ಶಿರ್ದಾಕ್ ತಂದರು. ಕುರಿಯ ಕೊಂಬಿನಂಥ ಬಳ್ಳಿಚಿತ್ತಾರವಿರುವ, ಹೆಬ್ಬೆರಳಿನಷ್ಟು ದಪ್ಪದ ಉಣ್ಣೆಯ ಹಾಸು. ಅದನ್ನು ನನ್ನ ಮೇಲೆ ಹೊದಿಸುತ್ತಾರೆಂದುಕೊಂಡೆ. ಆಕೆ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಹಾಸಿಗೆಯನ್ನು ಎತ್ತಿ, ಶಿರ್ದಾಕನ್ನು ಅದರಡಿಗೆ ಹರವಿದರು. ಅಂಗೈಯಿಂದ ನೆಲವನ್ನು ಎರಡು ಸಲ ತಟ್ಟಿ ತೋರಿಸಿ ಹೊರಟುಹೋದರು. ಹತ್ತು ನಿಮಿಷದಲ್ಲಿ ನನಗೆ ನಿದ್ದೆ ಬಂದಿತ್ತು.

ಆ ಎರಡು ತಟ್ಟು ನನ್ನನ್ನು ಈ ಮನೆಯ ನೆಲದ ಕಡೆಗೆ ತಿರುಗಿಸಿತು. ಯರ್ಟ್ ಎಂದರೆ ಎಲ್ಲರ ಕಣ್ಣೂ ಮೇಲಕ್ಕೆ ಹೋಗುತ್ತದೆ. ನೆತ್ತಿಯ ಮೇಲಿನ ಆ ಮರದ ಚಕ್ರ, ಅದರ ಮೂಲಕ ಇಳಿಯುವ ಬೆಳಕು, ಛತ್ರಿಯ ಕಡ್ಡಿಗಳಂತೆ ಹರಡಿದ ಜಂತಿಗಳು. ಕಿರ್ಗಿಸ್ತಾನದ ಧ್ವಜದ ನಡುವೆ ಇರುವುದೂ ಅದೇ ಚಕ್ರದ ಚಿತ್ರ. ಆದರೆ ಚಳಿ ಮತ್ತು ಗಾಳಿಯ ನಾಡಿನಲ್ಲಿ ಆ ಮನೆ ಬೆಚ್ಚಗಿರುತ್ತದೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಕಾಲಡಿಯಲ್ಲಿ.

ಮೊದಲು ಮನೆಯ ಪರಿಚಯ. ‘ಯರ್ಟ್’ ಎಂಬುದು ತುರ್ಕಿ ಬಳಗದ ಮಾತು, ರಷ್ಯನ್ ಭಾಷೆಯ ಮೂಲಕ ಜಗತ್ತಿಗೆ ಹರಡಿತು. ಮಂಗೋಲಿಯನ್ನರು ತಮ್ಮ ಮನೆಯನ್ನು ‘ಗೆರ್’ ಎನ್ನುತ್ತಾರೆ, ಕಿರ್ಗಿಜರು ‘ಬೋಜ್ ಉಯ್’ ಎನ್ನುತ್ತಾರೆ. ಹಿಗ್ಗಿಸಿದರೆ ಹರಡುವ, ಕುಗ್ಗಿಸಿದರೆ ಮಡಚುವ ಜಾಲರಿ ಗೋಡೆಗೆ ಮಂಗೋಲಿಯಾದಲ್ಲಿ ‘ಖಾನಾ’ ಎಂದು ಹೆಸರು. ಜಂತಿಗಳು ‘ಉನಿ’, ನೆತ್ತಿಚಕ್ರ ‘ತೋನೋ’, ಅದನ್ನು ಹೊತ್ತ ಎರಡು ಕಂಬಗಳು ‘ಬಗಾನಾ’. ಐದು ಖಾನಾಗಳ ಸಾಮಾನ್ಯ ಗೆರ್ ಸುಮಾರು 6 ಮೀಟರ್ ಅಗಲ, 250 ಕೆ.ಜಿ. ಆಸುಪಾಸಿನ ತೂಕ. ಪಳಗಿದ ಮನೆಮಂದಿ ಒಂದೆರಡು ಗಂಟೆಯಲ್ಲಿ ಎಬ್ಬಿಸಿ ನಿಲ್ಲಿಸುತ್ತಾರೆ. ಯುನೆಸ್ಕೊ ಮಂಗೋಲಿಯನ್ ಗೆರ್ ಕಟ್ಟುವ ಕೌಶಲವನ್ನು 2013ರಲ್ಲಿ, ಕಿರ್ಗಿಜ್ ಮತ್ತು ಕಜಾಕ್ ಯರ್ಟ್‌ಗಳ ಕೌಶಲವನ್ನು 2014ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಶಿರ್ದಾಕ್ ಕಲೆ ಅದಕ್ಕೂ ಮೊದಲು, 2012ರಲ್ಲಿ, ತುರ್ತಾಗಿ ಉಳಿಸಿಕೊಳ್ಳಬೇಕಾದ ಕಲೆಗಳ ಪಟ್ಟಿಗೆ ಸೇರಿತ್ತು.

ಈ ಮರದ ಪಂಜರಕ್ಕೆ ಹೊದಿಸುವುದು ಫೆಲ್ಟ್. ನಮ್ಮ ಕುರುಬರ ಕಂಬಳಿ ಮಗ್ಗದ ಮೇಲೆ ಹುಟ್ಟುತ್ತದೆ. ಉಣ್ಣೆಯನ್ನು ನೂಲು ಮಾಡಿ, ಹಾಸಿಗೆ ಹುಣಸೆಬೀಜದ ಗಂಜಿ ಹಚ್ಚಿ ನೇಯಬೇಕು. ಫೆಲ್ಟ್‌ಗೆ ನೂಲೂ ಇಲ್ಲ, ಮಗ್ಗವೂ ಇಲ್ಲ. ಉಣ್ಣೆಯ ಒಂದೊಂದು ಎಳೆಯ ಮೈಮೇಲೂ ಮೀನಿನ ಹುರುಪೆಯಂಥ ಸಣ್ಣ ಪದರುಗಳಿರುತ್ತವೆ. ನೀರು ಚಿಮುಕಿಸಿ, ಒತ್ತಿ, ಉರುಳಿಸಿದರೆ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡಿಸಲಾಗದ ಹಾಗೆ ಬೆಸೆದುಕೊಳ್ಳುತ್ತವೆ. ಮಂಗೋಲಿಯಾದ ಕುರಿಗಾಹಿಗಳು ಬೇಸಿಗೆಯ ಕೊನೆಗೆ ಈ ಕೆಲಸಕ್ಕೆ ಕೂರುತ್ತಾರೆ. ಉಣ್ಣೆಯನ್ನು ಕೋಲುಗಳಿಂದ ಬಡಿದು ಹಿಂಜುತ್ತಾರೆ. ಹಳೆಯ ಫೆಲ್ಟ್ ಒಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಹೊಸ ಉಣ್ಣೆ ಹರಡಿ, ನೀರು ಚಿಮುಕಿಸಿ, ಎಲ್ಲವನ್ನೂ ದಿಂಡಿಗೆ ಸುತ್ತಿ, ಹಸಿ ತೊಗಲಿನಲ್ಲಿ ಬಿಗಿದು ಕುದುರೆಯ ಹಿಂದೆ ಕಟ್ಟಿ ಬಯಲಲ್ಲಿ ಉರುಳಿಸುತ್ತಾರೆ. ಕೆಳಗೆ ಹಾಸಿದ ಹಳೆಯದನ್ನು ಅವರು ತಾಯಿ ಎಂದು ಕರೆಯುತ್ತಾರೆ, ಅದರ ಮೇಲೆ ಹುಟ್ಟಿದ್ದು ಮಗಳು. ಮುಂದಿನ ವರ್ಷ ಮಗಳೂ ತಾಯಿಯಾಗಬಹುದು.

ಒಳ್ಳೆಯ ಫೆಲ್ಟ್ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಅಲುಗಾಡದ ಗಾಳಿಯಿಂದ. ಬೇಸಿಗೆಗೆ ಒಂದು ಪದರ ಸಾಕು, ಚಳಿಗಾಲಕ್ಕೆ ಎರಡೋ ಮೂರೋ ಬೇಕು. ಸೈಬೀರಿಯಾದ ಆಲ್ತಾಯ್ ಬೆಟ್ಟಗಳ ಪಜಿರಿಕ್ ಗೋರಿಗಳಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಫೆಲ್ಟ್‌ಗಳು ಮಂಜುಗಟ್ಟಿದ ನೆಲದೊಳಗೆ ಬಣ್ಣವನ್ನೂ ಉಳಿಸಿಕೊಂಡು ಸಿಕ್ಕಿವೆ.

ಹಾಗಾದರೆ ಅಲೆಮಾರಿಗಳ ಕಾಲದಲ್ಲಿ ನೆಲ ಹೇಗಿತ್ತು? ಅವರಿಗೆ ನೆಲದ ಜಗಳ ಇಷ್ಟೊಂದು ಇರಲಿಲ್ಲ. ಚಳಿಗಾಲದ ಬೀಡಿಗೆ ಬೆಟ್ಟದ ಮರೆ, ಒಣಗಿದ ಎತ್ತರದ ಜಾಗ, ಬಿಸಿಲು ಬೀಳುವ ದಕ್ಷಿಣದ ಇಳಿಜಾರು ನೋಡಿ ಇಳಿಯುತ್ತಿದ್ದರು. ಗಾಳಿ ಹೆಚ್ಚಾಗಿ ವಾಯವ್ಯದಿಂದ ಬರುವುದರಿಂದ ಬಾಗಿಲು ದಕ್ಷಿಣಕ್ಕೆ. ನೆಲಕ್ಕೆ ಒಣಗಿದ ಸಗಣಿಯ ಹುಡಿ ಹರಡಿ ಅದರ ಮೇಲೆ ಫೆಲ್ಟ್ ಹಾಸುತ್ತಿದ್ದರು. ಗೋಡೆಯ ಬುಡಕ್ಕೆ ಸುತ್ತಲೂ ‘ಖಯಾವ್ಚ್’ ಎಂಬ ಪಟ್ಟಿ ಕಟ್ಟಿ, ಅದಕ್ಕೆ ಮಣ್ಣನ್ನೋ ಹಿಮವನ್ನೋ ಒತ್ತರಿಸಿದರೆ ಗಾಳಿ ಅಡಿಯಿಂದ ನುಗ್ಗುವುದಿಲ್ಲ. ನೆಲ ಕೆಟ್ಟರೆ ಬೀಡು ಕಿತ್ತರಾಯಿತು. ಗಾಲಿಯ ಮೇಲೇ ಮನೆ ಹೊತ್ತು ಹೋದವರೂ ಇದ್ದರು. 1253ರಲ್ಲಿ ಮಂಗೋಲರ ನಾಡಿಗೆ ಹೊರಟ ವಿಲಿಯಂ ಆಫ್ ರೂಬ್ರುಕ್ ಎಂಬ ಕ್ರೈಸ್ತ ಸನ್ಯಾಸಿ ತಾನು ಕಂಡ ಗುಡಾರಗಾಡಿಯನ್ನು ಅಳೆದೇ ಬರೆದಿದ್ದಾನೆ. ಎರಡು ಗಾಲಿಗಳ ಜಾಡಿನ ನಡುವೆ 20 ಅಡಿ, ಎಳೆಯಲು 22 ಎತ್ತು, ಹನ್ನೊಂದರಂತೆ ಎರಡು ಸಾಲು. ನನ್ನ ಪಾಲಿಗೆ ಅದು ಯರ್ಟ್‌ನ ಮೊದಲ ನೆಲಗಟ್ಟುಗಳಲ್ಲೊಂದು.

ಕಷ್ಟ ಶುರುವಾದದ್ದು ಗುಡಾರ ಒಂದೇ ಕಡೆ ನಿಂತಾಗ.

ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್ ಜಗತ್ತಿನ ಅತಿ ಚಳಿಯ ರಾಜಧಾನಿ. ಸುಮಾರು 1,350 ಮೀಟರ್ ಎತ್ತರದ ಕಣಿವೆ. ಜನವರಿಯ ಸರಾಸರಿಯೇ ಮೈನಸ್ 20 ಡಿಗ್ರಿಗಿಂತ ಕೆಳಗೆ, ರಾತ್ರಿ ಮೈನಸ್ 30 ದಾಟುವುದೂ ಉಂಟು. ನಗರದ ಅರ್ಧಕ್ಕಿಂತ ಹೆಚ್ಚು ಜನ ಇರುವುದು ಸುತ್ತಲಿನ ಗುಡ್ಡಗಳನ್ನು ಹತ್ತಿದ ಗೆರ್ ಬಡಾವಣೆಗಳಲ್ಲಿ. ‘ಜುದ್’ ಎಂದು ಕರೆಯುವ ಭೀಕರ ಚಳಿಗಾಲ 2009–10ರಲ್ಲಿ ಬಂದಾಗ 80 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಹಿಂಡು ಕಳೆದುಕೊಂಡ ಸಾವಿರಾರು ಕುಟುಂಬಗಳು ಗೆರ್ ಮಡಚಿಕೊಂಡು ನಗರಕ್ಕೆ ಬಂದವು. ಒಂದು ತುಂಡು ಜಾಗಕ್ಕೆ ಹಲಗೆಯ ಬೇಲಿ ಹಾಕಿ ಅದರೊಳಗೆ ಮನೆ ನಿಲ್ಲಿಸಿದವು. ಆ ಬೇಲಿಯ ಅಂಗಳಕ್ಕೆ ‘ಖಾಶಾ’ ಎನ್ನುತ್ತಾರೆ. ಅಲ್ಲಿ ಬೀಡು ಕೀಳುವ ಮಾತಿಲ್ಲ. ವರ್ಷಾನುಗಟ್ಟಲೆ ಅದೇ ನೆಲ, ಅದೇ ಒದ್ದೆ, ಅದೇ ಥಂಡಿ. ಅದನ್ನು ಎದುರಿಸಲು ದಿನರಾತ್ರಿ ಕಲ್ಲಿದ್ದಲು ಸುಡಬೇಕು. ಕಣಿವೆಯ ತಳದ ಚಳಿಗಾಳಿಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತು ಹೊಗೆ ಅಲ್ಲೇ ನಿಲ್ಲುತ್ತದೆ. 2019ರ ಮೇ ತಿಂಗಳಿಂದ ನಗರದಲ್ಲಿ ಕಚ್ಚಾ ಕಲ್ಲಿದ್ದಲು ಸುಡುವುದಕ್ಕೆ ನಿಷೇಧ ಬಂತು, ಸಂಸ್ಕರಿಸಿದ ಉಂಡೆಗಳು ಬಂದವು. ಆದರೆ ಸೋರುವ ಮನೆಗೆ ಯಾವ ಇಂಧನ ಹಾಕಿದರೂ ತೂತು ಕೊಡಕ್ಕೆ ನೀರು ಹೊಯ್ದಂತೆ. ಯುನಿಸೆಫ್ ಮಂಗೋಲಿಯಾದಲ್ಲಿ ಗೆರ್‌ಗಳಿಗೆ ಹೊಸ ಶಾಖತಡೆ, ವಿದ್ಯುತ್ ಹೀಟರ್, ಗಾಳಿಕಿಂಡಿ ಇವನ್ನು ಒಟ್ಟಿಗೇ ಒದಗಿಸುವ ಕೆಲಸಕ್ಕೆ ಕೈಹಾಕಿದ್ದು ಇದೇ ಕಾರಣಕ್ಕೆ.

ನೆಲಕ್ಕೆ ಇಷ್ಟು ಮಹತ್ವ ಏಕೆ ಎಂಬುದಕ್ಕೆ ಶಾಲೆಯ ಲೆಕ್ಕವೇ ಸಾಕು. ಆರು ಮೀಟರ್ ಅಗಲದ ವೃತ್ತದ ವಿಸ್ತೀರ್ಣ ಸುಮಾರು 28 ಚದರ ಮೀಟರ್. ಅದರ ಸುತ್ತ ಒಂದೂವರೆ ಮೀಟರ್ ಎತ್ತರದ ಗೋಡೆಯ ವಿಸ್ತೀರ್ಣವೂ ಸುಮಾರು 28. ಗೋಡೆಯಷ್ಟೇ ನೆಲ! ಮಾಡು ಸೇರಿಸಿದರೂ ಇಡೀ ಮನೆಯ ಮೈಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ನೆಲವೇ. ಗೋಡೆಗೆ ಮೂರು ಪದರ ಫೆಲ್ಟ್ ಹೊದಿಸಿ ಕೆಳಗೆ ಬರೀ ಹಲಗೆ ಬಿಟ್ಟರೆ, ಸ್ವೆಟರ್ ತೊಟ್ಟು ಬರಿಗಾಲಲ್ಲಿ ಮಂಜಿನ ಮೇಲೆ ನಿಂತ ಹಾಗೆ.

ಹಲಗೆಯನ್ನು ಕಂಬಗಳ ಮೇಲೆ ಎತ್ತರಿಸಿದರೆ ಒದ್ದೆ ತಪ್ಪುತ್ತದೆ, ಆದರೆ ಗಾಳಿ ಅಡಿಯಿಂದ ಹಾಯುತ್ತದೆ. ಬಿಸಿ ಕಾಫಿಯನ್ನು ಬಸಿಗೆ ಸುರಿದು ಊದಿದ ಹಾಗೆ ಅದು ನೆಲವನ್ನು ಆರಿಸುತ್ತದೆ. ಒಳಗೆ 20 ಡಿಗ್ರಿ, ಹೊರಗೆ ಮೈನಸ್ 20 ಎಂದುಕೊಳ್ಳಿ. 18 ಮಿ.ಮೀ. ಪ್ಲೈವುಡ್ ಒಂದೇ ಇದ್ದರೆ ನೆಲದ ಮೂಲಕವೇ ಗಂಟೆಗೆ ಮೂರು ಯೂನಿಟ್ ವಿದ್ಯುತ್ತಿಗೂ ಹೆಚ್ಚಿನ ಶಾಖ ಹೊರಟುಹೋಗುತ್ತದೆ. ಅದರ ಕೆಳಗೆ 15 ಸೆಂ.ಮೀ. ದಪ್ಪದ ಗಟ್ಟಿ ಥರ್ಮೊಕೋಲ್ ಹಲಗೆ ಕೂರಿಸಿದರೆ ಆ ಸೋರಿಕೆ ಸುಮಾರು ಕಾಲು ಯೂನಿಟ್‌ಗೆ ಇಳಿಯುತ್ತದೆ. ನಡುವಿನ ಮರದ ತೊಲೆಗಳ ಮೂಲಕ ಹೋಗುವುದನ್ನು ಸೇರಿಸಿದರೆ ಇನ್ನಷ್ಟು, ಆದರೂ ಮೊದಲಿನದರ ಮುಂದೆ ಅದು ಏನೂ ಅಲ್ಲ.

ನೆಲಗಟ್ಟಿನ ಬಡಗಿವಿದ್ಯೆ ಹೆಚ್ಚು ಬೆಳೆದದ್ದು ಅಮೆರಿಕದಲ್ಲಿ. ಮಂಗೋಲಿಯಾ ಕುರಿತು 1962ರಲ್ಲಿ ನ್ಯಾಷನಲ್ ಜಿಯೊಗ್ರಾಫಿಕ್‌ನಲ್ಲಿ ಬಂದ ಲೇಖನವೊಂದನ್ನು ಓದಿ ಬಿಲ್ ಕೋಪರ್‌ಥ್ವೇಟ್ ಎಂಬ ಶಿಕ್ಷಕ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಯರ್ಟ್ ಕಟ್ಟಲು ಹೊರಟರು. ಅವರ ಯರ್ಟ್‌ಗಳು ಮರದವು. ಬಟ್ಟೆಯ ಯರ್ಟ್‌ಗಳನ್ನು ಒರೆಗಾನ್‌ನ ಪೆಸಿಫಿಕ್ ಯರ್ಟ್ಸ್ ಕಂಪನಿ 1978ರಿಂದ ಮಾಡುತ್ತಾ ಬಂದಿದೆ. ಕೊಲೊರಾಡೊ, ಐಡಹೊ, ಯೂಟಾ ಪರ್ವತಗಳಲ್ಲಿ ಹಿಮದ ಮೇಲೆ ಜಾರುತ್ತಾ ಹೋಗುವವರು ರಾತ್ರಿ ತಂಗುವುದು ಇಂಥ ಯರ್ಟ್‌ಗಳಲ್ಲಿ. ಫೆಲ್ಟ್ ಜಾಗಕ್ಕೆ ಕೃತಕ ಬಟ್ಟೆ, ಗೋಡೆಯ ನೆತ್ತಿಗೆ ಸುತ್ತುವ ನೇಯ್ದ ಪಟ್ಟಿಯ ಜಾಗಕ್ಕೆ ಉಕ್ಕಿನ ಹಗ್ಗ ಬಂದವು. ನನಗೆ ಈಗಲೂ ಉಣ್ಣೆಯೇ ಮೇಲು ಅನ್ನಿಸುತ್ತದೆ, ಅದು ಉಸಿರಾಡುತ್ತದೆ. ಆದರೆ ನೆಲದ ವಿಚಾರದಲ್ಲಿ ಈ ಬಡಗಿಗಳು ಕಲಿತಿದ್ದು ದೊಡ್ಡದು.

ಕೆಲಸ ಶುರುವಾಗುವುದು ಮಣ್ಣಿನಿಂದ. ಮಣ್ಣೊಳಗಿನ ನೀರು ಮಂಜುಗಟ್ಟುವಾಗ ಪದರ ಪದರವಾಗಿ ಗಟ್ಟಿಯಾಗುತ್ತದೆ, ಕೆಳಗಿನಿಂದ ಇನ್ನಷ್ಟು ನೀರನ್ನು ಹೀರಿಕೊಂಡು ಉಬ್ಬುತ್ತದೆ. ಆ ಉಬ್ಬಿಗೆ ಕಂಬವನ್ನು ಹಲ್ಲು ಕಿತ್ತಂತೆ ಮೇಲಕ್ಕೆತ್ತುವ ಬಲವಿದೆ. ವಸಂತದಲ್ಲಿ ಮಂಜು ಕರಗಿದಾಗ ಕಂಬಗಳು ಒಂದೊಂದು ಒಂದೊಂದು ರೀತಿ ಕುಸಿಯುತ್ತವೆ. ಯರ್ಟ್‌ನ ಜಾಲರಿ ಗೋಡೆ ಬಾಗಿಕೊಂಡು ಸ್ವಲ್ಪ ದಿನ ತಾಳಿಕೊಳ್ಳುತ್ತದೆ. ಮೊದಲು ದೂರು ಹೇಳುವುದು ಬಾಗಿಲು. ಚೌಕಟ್ಟಿಗೆ ಕಚ್ಚಿಕೊಂಡು ಮುಚ್ಚದಾಗುತ್ತದೆ. ಇದನ್ನು ತಪ್ಪಿಸಲು ಮಂಜು ಇಳಿಯುವ ಆಳಕ್ಕಿಂತ ಕೆಳಗೆ ಕಂಬ ಹೂಳಬೇಕು. ಉಲಾನ್‌ಬಾತರ್ ಸುತ್ತ ನೆಲ ಮೂರು ಮೀಟರ್‌ವರೆಗೂ ಮಂಜುಗಟ್ಟುತ್ತದೆ, ಅಷ್ಟು ಅಗೆಯುವುದು ಬಡವರ ಕೈಲಾಗುವ ಮಾತಲ್ಲ. ಅಂಥಲ್ಲಿ ಮೇಲ್ಮಣ್ಣು ತೆಗೆದು ದಪ್ಪ ಜಲ್ಲಿ ಹಾಸು ಹಾಕುತ್ತಾರೆ. ನೀರು ನಿಲ್ಲದಿದ್ದರೆ ಉಬ್ಬಲು ಮಂಜೇ ಇರುವುದಿಲ್ಲ. ಕಂಬಗಳ ತಲೆಗೆ ತಿರುಪಿನ ಜಾಕ್ ಇಟ್ಟರೆ ವರ್ಷಕ್ಕೊಮ್ಮೆ ಮಟ್ಟ ಸರಿಮಾಡಿಕೊಳ್ಳಬಹುದು.

ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಪಟ್ಟಿ. ಪಟ್ಟಿಗಳ ನಡುವಿನ ಖಾಲಿಯಲ್ಲಿ ಶಾಖತಡೆಯನ್ನು ಸಂದಿಲ್ಲದಂತೆ ಕೂರಿಸಬೇಕು. ಬೆರಳು ತೂರುವ ಒಂದು ಬಿರುಕು ಇದ್ದರೂ ಗಾಳಿ ಅದನ್ನು ಹುಡುಕಿಕೊಂಡು ಬರುತ್ತದೆ. ಅಡಿಯಿಂದ ಇಲಿ ಕೊರೆಯದಂತೆ ತಂತಿಯ ಬಲೆ ಬೇಕು. ಆವಿ ತಡೆಯುವ ಹಾಳೆ ಯಾವ ಕಡೆ ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಅಡುಗೆಯ ಆವಿ, ಮೈಯ ಬೆವರು, ಉಸಿರಿನ ತೇವ ಒಳಗಿನಿಂದ ಕೆಳಗಿಳಿದು ತಣ್ಣನೆಯ ಜಾಗ ಮುಟ್ಟಿದಲ್ಲಿ ಹನಿಗಟ್ಟುತ್ತದೆ, ಮರ ಒಳಗಿಂದೊಳಗೇ ಕೊಳೆಯುತ್ತದೆ. ಆದ್ದರಿಂದ ಹಾಳೆ ಬೆಚ್ಚಗಿನ ಬದಿಗೆ, ಅಂದರೆ ಶಾಖತಡೆಯ ಮೇಲ್ಗಡೆ. ಅಡಿಯಲ್ಲಿ ಗಾಳಿ ತಡೆದು ಆವಿ ಬಿಡುವ ಬಟ್ಟೆ.

ಈಗ ವೃತ್ತ. ಪ್ಲೈವುಡ್ ಹಲಗೆಗಳನ್ನು ಮೊದಲು ಚೌಕವಾಗಿಯೇ ಜಡಿಯುತ್ತಾರೆ. ನಟ್ಟನಡುವೆ ಒಂದು ಮೊಳೆ ಹೊಡೆದು, ಅದಕ್ಕೆ ತಂತಿ ಸಿಕ್ಕಿಸಿ, ಇನ್ನೊಂದು ತುದಿಗೆ ಪೆನ್ಸಿಲ್ ಕಟ್ಟಿ ಬಡಗಿ ಹಿಂದೆ ಹಿಂದೆ ನಡೆಯುತ್ತಾ ಸುತ್ತು ಬರುತ್ತಾನೆ. ದಾರ ಕಟ್ಟಬಾರದು, ದಾರ ಹಿಗ್ಗುತ್ತದೆ. ಗೀಟು ಆರಂಭಿಸಿದ ಜಾಗಕ್ಕೇ ಬಂದು ಸೇರಬೇಕು. ಸೇರಿತೆಂದರೆ ಗರಗಸ. ಈ ವೃತ್ತ ಯರ್ಟ್‌ನ ಅಗಲಕ್ಕೆ ಸರಿಸಮ ಇರಬೇಕು, ಒಂದು ಇಂಚೂ ಹೆಚ್ಚಬಾರದು. ಸುತ್ತ ಕಾಲಾಡಿಸಲು ಜಾಗವಿರಲಿ ಎಂದು ನೆಲಗಟ್ಟನ್ನು ದೊಡ್ಡದಾಗಿ ಬಿಟ್ಟವರು ಮೊದಲ ಮಳೆಗೇ ಪರಿತಪಿಸುತ್ತಾರೆ. ಗೋಡೆಯಿಂದ ಇಳಿದ ನೀರು ಹಲಗೆಯ ಮೇಲೆ ಬಿದ್ದು ಗೋಡೆಯಡಿಯಿಂದ ಸೀದಾ ಒಳಕ್ಕೆ ಹರಿಯುತ್ತದೆ. ಅದಕ್ಕೆ ವೃತ್ತದ ಅಂಚಿಗೆ ಬಾಗುವಂಥ ತೆಳುಹಲಗೆಯ ಪಟ್ಟಿಯೊಂದನ್ನು ಸುತ್ತಲೂ ಜಡಿಯುತ್ತಾರೆ. ಅದರ ಮೇಲಂಚು ನೆಲಕ್ಕಿಂತ ಸ್ವಲ್ಪ ಎತ್ತರ, ಬಾನಲೆಯ ಕಂಠದ ಹಾಗೆ. ಜಾಲರಿ ಗೋಡೆ ಆ ಕಂಠದ ಒಳಗೆ ಕೂರುತ್ತದೆ, ಹೊರಹೊದಿಕೆ ಕಂಠವನ್ನು ದಾಟಿ ಕೆಳಗೆ ಸೆರಗಿನಂತೆ ಇಳಿಯುತ್ತದೆ. ಮಳೆಯ ಹನಿ ಒಳಬರಲು ದಾರಿಯೇ ಇಲ್ಲ. ಗಾಳಿಗೂ ಅಷ್ಟೆ. ಮಂಗೋಲರ ಖಯಾವ್ಚ್ ಮಾಡುತ್ತಿದ್ದ ಕೆಲಸವನ್ನೇ ಈ ಪಟ್ಟಿ ಮಾಡುತ್ತದೆ. ಜಗಲಿ ಬೇಕೆನ್ನುವವರು ಬಾಗಿಲ ಮುಂದೆ ಒಂದು ಮೆಟ್ಟಿಲು ಕೆಳಗೆ ಬೇರೆಯಾಗಿ ಕಟ್ಟಿಕೊಳ್ಳಲಿ.

ನೆಲಗಟ್ಟಿನ ಅಡಿಯ ಖಾಲಿಯನ್ನು ಸುತ್ತಲೂ ಮುಚ್ಚಬೇಕೇ? ಗಾಳಿಯ ಬೆಟ್ಟದಲ್ಲಿ ಸಾಮಾನ್ಯವಾಗಿ ಮುಚ್ಚಬೇಕು, ತೇವ ಆರಲು ಸಣ್ಣ ಕಿಂಡಿಗಳನ್ನು ಬಿಟ್ಟು. ಆದರೆ ವರ್ಷವಿಡೀ ಮಂಜುಗಟ್ಟಿಯೇ ಇರುವ ನೆಲ ಉತ್ತರ ಮಂಗೋಲಿಯಾದಲ್ಲಿದೆ. ಅಲ್ಲಿ ಇದೇ ಉಪಾಯ ಮನೆಯನ್ನು ಮುಳುಗಿಸುತ್ತದೆ. ಮುಚ್ಚಿದ ಖಾಲಿಯಲ್ಲಿ ಮನೆಯ ಬಿಸಿ ಕೂತು ನೆಲ ಕರಗಿ ಕೆಸರಾಗುತ್ತದೆ. ಅಲ್ಲಿ ಅಡಿಯಲ್ಲಿ ಗಾಳಿ ಓಡಾಡಲೇಬೇಕು, ಶಾಖತಡೆಯ ಭಾರವನ್ನೆಲ್ಲ ಹಲಗೆಯೇ ಹೊರಬೇಕು. ಒಂದು ಊರಿನ ಒಳ್ಳೆಯ ನೆಲಗಟ್ಟು ಇನ್ನೊಂದು ಊರಿನಲ್ಲಿ ತಪ್ಪಾಗುವುದು ಹೀಗೆ.

ಗಾಳಿಗೆ ತಳ್ಳುವುದಷ್ಟೇ ಅಲ್ಲ, ಎತ್ತುವ ಗುಣವೂ ಇದೆ. ಗುಂಡಗಿನ ಮನೆಗೆ ಮೂಲೆಗಳಿಲ್ಲ, ಗಾಳಿ ಜಾರಿಕೊಂಡು ಹೋಗುತ್ತದೆ ನಿಜ. ಆದರೆ ಮಾಡಿನ ಮೇಲೆ ಹಾಯುವಾಗ ಅದನ್ನು ಮೇಲಕ್ಕೆ ಹೀರುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 48 ಕೆ.ಜಿ. ತೂಕಕ್ಕೆ ಸಮ. ಅದರ ಅರ್ಧದಷ್ಟೇ ಮಾಡನ್ನು ಎಳೆದರೂ ಆರೇಳು ನೂರು ಕೆ.ಜಿ. ಆಯಿತು, ಗೆರ್‌ನ ಸ್ವಂತ ತೂಕ ಅದರ ಅರ್ಧವೂ ಇಲ್ಲ. ಆದ್ದರಿಂದ ಹಿಡಿತ ಮಾಡಿನಿಂದ ಮಣ್ಣಿನವರೆಗೆ ಎಲ್ಲೂ ತಪ್ಪಬಾರದು. ಜಂತಿ ಗೋಡೆಗೆ, ಗೋಡೆ ನೆಲಗಟ್ಟಿಗೆ, ನೆಲಗಟ್ಟು ಕಂಬಕ್ಕೆ, ಕಂಬ ನೆಲಕ್ಕೆ. ನೆಲಗಟ್ಟಿಗೆ ಕಟ್ಟದೆ ಸುಮ್ಮನೆ ಮೇಲೆ ಕೂರಿಸಿದ ಯರ್ಟ್ ತಟ್ಟೆಯ ಮೇಲೆ ಕವುಚಿಟ್ಟ ಬಟ್ಟಲು. ಹಳಬರಿಗೆ ಇದಕ್ಕೂ ಒಂದು ಉತ್ತರ ಗೊತ್ತಿತ್ತು. ತೋನೋದಿಂದ ‘ಚಾಗ್ತಾಗಾ’ ಎಂಬ ಕೂದಲಿನ ಹಗ್ಗವೊಂದು ಇಳಿಬಿದ್ದಿರುತ್ತದೆ. ಬಿರುಗಾಳಿ ಎದ್ದಾಗ ಅದಕ್ಕೆ ದೊಡ್ಡ ಕಲ್ಲು ಕಟ್ಟುತ್ತಾರೆ, ಸಾಲದಿದ್ದರೆ ಮನೆಯ ಗಂಡಸರೇ ಜೋತುಬೀಳುತ್ತಾರೆ. ಬೇರೆ ದಿನಗಳಲ್ಲಿ ಅದನ್ನು ಜಂತಿಯ ಸಂದಿಯಲ್ಲಿ ಸಿಕ್ಕಿಸಿಡುತ್ತಾರೆ, ಮನೆಯ ಸಿರಿ ಅದರಲ್ಲಿದೆ ಎಂಬ ನಂಬಿಕೆ.

ಒಂದು ಎಚ್ಚರಿಕೆಯನ್ನು ಹೇಳದೆ ಹೋಗಲಾರೆ. ನೆಲ, ಗೋಡೆ, ಸಂದುಗೊಂದು ಎಲ್ಲ ಬಿಗಿಯಾಗಿ ಮುಚ್ಚಿದ ಮೇಲೆ ಒಲೆಗೆ ಗಾಳಿ ಎಲ್ಲಿಂದ ಬರಬೇಕು? ಸೋರುವ ಮನೆಯಲ್ಲಿ ಆ ಪ್ರಶ್ನೆ ಏಳುವುದಿಲ್ಲ. ಬಿಗಿಯಾದ ಮನೆಯಲ್ಲಿ ಉರಿ ಉಸಿರುಗಟ್ಟಿ ಇಂಗಾಲದ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ನೆಲಗಟ್ಟು ಕಟ್ಟುವಾಗಲೇ ಒಲೆ ಬರುವ ಜಾಗದಲ್ಲಿ ಹೊರಗಾಳಿಯ ಕೊಳವೆಯೊಂದನ್ನು ಹಲಗೆಯಡಿಯಿಂದ ತಂದು ಬಿಡಬೇಕು. ಆಮೇಲೆ ಕೊರೆಯೋಣ ಎಂದರೆ ಶಾಖತಡೆ, ಹಾಳೆ, ಬಲೆ ಎಲ್ಲವನ್ನೂ ಸೀಳಬೇಕಾಗುತ್ತದೆ.

ನೆಲ ಸಿದ್ಧವಾದ ಮೇಲೆ ಗೆರ್ ಎಬ್ಬಿಸುವ ಕ್ರಮ ಕೇಳಿ ನನಗೆ ಬಹಳ ಹಿತವೆನಿಸಿತು. ಬಾಗಿಲು ಚಿಕ್ಕದು, ದೊಡ್ಡ ಸಾಮಾನು ಅದರಲ್ಲಿ ತೂರುವುದಿಲ್ಲ. ಹಾಗಾಗಿ ಹಾಸಿದ ನೆಲದ ಮೇಲೆ ಮೊದಲು ಮನೆಯನ್ನೇ ಜೋಡಿಸಿಬಿಡುತ್ತಾರೆ. ನಡುವೆ ಒಲೆ, ಉತ್ತರಕ್ಕೆ ಬಣ್ಣದ ಪೆಟ್ಟಿಗೆಗಳು, ಎರಡೂ ಬದಿಗೆ ಮಂಚಗಳು. ಗೋಡೆಯಿಲ್ಲ, ಮಾಡಿಲ್ಲ, ಬಯಲಿನ ನಡುವೆ ಒಂದು ಸಂಸಾರ ತೆರೆದುಕೊಂಡು ಕೂತಿರುತ್ತದೆ. ಗಾಳಿ ಹಾಸಿಗೆಯ ಅಂಚನ್ನು ಎತ್ತಿ ನೋಡುತ್ತದೆ. ಆಮೇಲೆ ದಕ್ಷಿಣಕ್ಕೆ ಬಾಗಿಲು ನಿಲ್ಲುತ್ತದೆ, ಜಾಲರಿ ಒಂದೊಂದಾಗಿ ಸುತ್ತಿಕೊಳ್ಳುತ್ತದೆ. ಇಬ್ಬರು ಒಲೆಯ ಪಕ್ಕದಲ್ಲಿ ನಿಂತು ಕಂಬಗಳ ಮೇಲೆ ನೆತ್ತಿಚಕ್ರವನ್ನು ಎತ್ತಿ ಹಿಡಿಯುತ್ತಾರೆ, ಉಳಿದವರು ಸುತ್ತಲೂ ನಿಂತು ಮೊದಲ ಜಂತಿಯನ್ನು ಅದರ ತೂತಿಗೆ ಸೇರಿಸುತ್ತಾರೆ.